ಕಲಬುರಗಿಯಲ್ಲಿ ಕೂತು ಹೇಗ್ ಕೋರ್ಟಿನ ಪರ ಮಾತಾಡೋದು ಯಾಕೆ

ನೆದರ್ಲೆಂಡ್ಸ್‌ನ ಹೇಗ್ ಊರಲ್ಲಿರೋ ಅಂತರರಾಷ್ಟ್ರೀಯ ಕೋರ್ಟುಗಳು, ವಿಶ್ವಸಂಸ್ಥೆ ಎಲ್ಲ ಸುಮ್ನೆ ಹೆಸರಿಗೆ, ಅವರ ಮಾತು ಯಾರು ಕೇಳ್ತಾರೆ ಅಂತ ನಮ್ಮ ಗೆಳೆಯರಲ್ಲಿ ಈಚೆಗೆ ಜಾಸ್ತಿ ಮಾತು ನಡೀತಿದೆ. ಗಾಜಾ, ಉಕ್ರೇನ್ ಸುದ್ದಿ ನೋಡಿದವರಿಗೆ ಹಾಗೆ ಅನ್ನಿಸೋದು ಸಹಜ. ಆದರೆ ನಾನು ಆ ಕೋರ್ಟುಗಳ ಪರ. ಅವು ಉಳೀಬೇಕು, ನಮ್ಮ ದೇಶವೂ ಅವುಗಳಿಗೆ ಬಾಗಿಲು ತೆಗೀಬೇಕು. ನಾನು ಹೀಗೆ ಹೇಳೋದಕ್ಕೆ ಕಾರಣ ನಮ್ಮ ಕಲಬುರಗಿ, ಬೀದರ್ ಜಿಲ್ಲೆಗಳಲ್ಲೇ ಇದೆ.

ಪ್ರತಿ ಸೆಪ್ಟೆಂಬರ್ 17ಕ್ಕೆ ಇಲ್ಲಿ ಧ್ವಜ ಹಾರಿಸುತ್ತೇವೆ, 1948ರಲ್ಲಿ ನಮ್ಮ ಸೀಮೆಯನ್ನೂ ಆಳುತ್ತಿದ್ದ ಹೈದರಾಬಾದ್ ನಿಜಾಮ ಭಾರತಕ್ಕೆ ಶರಣಾದ ದಿನ. ಅದಕ್ಕೂ ಮುಂಚೆ ನಿಜಾಮನ ಪರ ನಿಂತ ಖಾಸಗಿ ಪಡೆ ರಜಾಕಾರರ ಹಾವಳಿ, ಅದೇ ವರ್ಷದ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರಟಾದಲ್ಲಿ ನಡೆದ ಕಗ್ಗೊಲೆ ಇವೆಲ್ಲ ಭಾಷಣಗಳಲ್ಲಿ ಬರುತ್ತವೆ, ಬರಲೇಬೇಕು. ಆದರೆ ಪೊಲೀಸ್ ಆ್ಯಕ್ಷನ್, ಅಂದರೆ ಭಾರತದ ಸೈನ್ಯ ನಿಜಾಮನ ಮೇಲೆ ನಡೆಸಿದ ಕಾರ್ಯಾಚರಣೆ, ಆದ ಮೇಲಿನ ದಿನಗಳಲ್ಲಿ ಹಳ್ಳಿ ಹಳ್ಳಿಗಳಲ್ಲಿ ಮುಸ್ಲಿಮರನ್ನು ಕೊಂದದ್ದು ಯಾವ ಭಾಷಣದಲ್ಲೂ ಬರೋದಿಲ್ಲ. ನೆಹರೂ ಕಳಿಸಿದ ಪಂಡಿತ್ ಸುಂದರ್‌ಲಾಲ್ ಸಮಿತಿ ಊರೂರು ತಿರುಗಿ ವರದಿ ಬರೆಯಿತು. ಇಡೀ ಹೈದರಾಬಾದ್ ಸಂಸ್ಥಾನದಲ್ಲಿ 27,000ದಿಂದ 40,000 ಜನ ಸತ್ತಿರಬಹುದು ಅನ್ನೋದು ಆ ಸಮಿತಿಯ ಅಂದಾಜು. ಅತಿ ಹೆಚ್ಚು ನರಳಿದ ನಾಲ್ಕು ಜಿಲ್ಲೆ ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್. ಆ ವರದಿ ದಶಕಗಟ್ಟಲೆ ಹೊರಗೇ ಬರಲಿಲ್ಲ.

ನಮ್ಮ ಆಯಿ ಆಳಂದ ಕಡೆಯ ಹಳ್ಳಿಯವಳು. "ತೊಗರಿ ಹೊಲದಾಗ ಕುಂತು ರಾತ್ರಿ ಕಳದೀವಿ, ಕೂಸು ಅತ್ತರ ಬಾಯಿಗಿ ಸೆರಗ ಒತ್ತತಿದ್ವಿ" ಅಂತ ರಜಾಕಾರರ ಕಾಲದ ಮಾತನ್ನು ಎಲ್ಲರೆದುರು ಹೇಳುತ್ತಿದ್ದಳು. ಆಮೇಲೆ ಅವರು ಸೋಲಾಪುರಕ್ಕೆ ಹೋದರು, ಗದ್ದಲ ಮುಗಿದ ಮೇಲೆ ತಿರುಗಿ ಬಂದರು. ಬಂದು ನೋಡಿದರೆ ಬಾಜು ಮನೆ ಬೂಬಮ್ಮನ ಮನೆಗೆ ಬಾಗಿಲೇ ಇಲ್ಲ, ಬೀಸೋಕಲ್ಲು ಅಂಗಳದಲ್ಲಿ ಬಿದ್ದಿದೆ, ಮನೆಯವರು ಎಲ್ಲಿ ಅಂತ ಕೇಳಿದರೆ ಊರವರು ಬಾಯಿ ಬಿಡಲಿಲ್ಲ. ಈ ಎರಡನೇ ಮಾತನ್ನು ಆಯಿ ಮನೆಯೊಳಗೆ ಮಾತ್ರ ಹೇಳುತ್ತಿದ್ದಳು. ರಜಾಕಾರರ ನಾಯಕ ಖಾಸಿಂ ರಜ್ವಿಗೆ ಜೈಲಾಯ್ತು, 1957ರಲ್ಲಿ ಬಿಡುಗಡೆಯಾಗಿ ಪಾಕಿಸ್ತಾನಕ್ಕೆ ಹೋದ. ಆದರೆ ತೊಗರಿ ಹೊಲದ ಆ ರಾತ್ರಿಯನ್ನಾಗಲಿ ಬೂಬಮ್ಮನ ಮನೆಯನ್ನಾಗಲಿ ಕೇಳೋಕೆ ನಮ್ಮ ಊರಿಗೆ ಯಾವ ಅಧಿಕಾರಿಯೂ ಬರಲಿಲ್ಲ. ಆಯಿ ತೀರಿಕೊಂಡಳು, ಯಾರೂ ಬರೆದುಕೊಳ್ಳಲಿಲ್ಲ.

ಬಹಳ ಜನಕ್ಕೆ ಗೊತ್ತಿಲ್ಲ, ನಮ್ಮ ಸೀಮೆಯ ವಿಷಯ ಆಗ ವಿಶ್ವಸಂಸ್ಥೆಗೂ ಹೋಗಿತ್ತು. 1948ರ ಆಗಸ್ಟ್‌ನಲ್ಲಿ ನಿಜಾಮ ಸರ್ಕಾರ ಭದ್ರತಾ ಮಂಡಳಿಗೆ ದೂರು ಕೊಟ್ಟಿತು, ಸೆಪ್ಟೆಂಬರ್ 16ರಂದು ಪ್ಯಾರಿಸ್‌ನಲ್ಲಿ ಅದರ ಚರ್ಚೆ ಶುರುವಾಯ್ತು, ಮರುದಿನವೇ ನಿಜಾಮ ಶರಣಾದ. ಅಲ್ಲಿದ್ದ ಪ್ರಶ್ನೆ ಹೈದರಾಬಾದ್ ಸ್ವತಂತ್ರ ದೇಶವೋ ಅಲ್ಲವೋ ಅನ್ನೋದು. ಹೊಲದಲ್ಲಿ ಅಡಗಿ ಕೂತವರ ಪಾಡು ಅಲ್ಲಿಗೆ ಮುಟ್ಟಲೇ ಇಲ್ಲ. ಮೂರು ತಿಂಗಳೊಳಗೆ, ಡಿಸೆಂಬರ್ 10ಕ್ಕೆ, ಅದೇ ಪ್ಯಾರಿಸ್‌ನಲ್ಲಿ ಮಾನವ ಹಕ್ಕುಗಳ ಘೋಷಣೆ ಅಂಗೀಕಾರ ಆಯ್ತು. ನರಮೇಧ ತಡೆಯುವ ಒಪ್ಪಂದ ಅದಕ್ಕೂ ಒಂದು ದಿನ ಮುಂಚೆ.

ಅಲ್ಲಿಂದ ಇಲ್ಲಿಗೆ ಏನು ಬದಲಾಯ್ತು ಅಂತ ತಿಳೀಬೇಕಾದರೆ ರುವಾಂಡಾ ನೋಡಬೇಕು. 1994ರಲ್ಲಿ ಅಲ್ಲಿ ನೂರು ದಿನಗಳಲ್ಲಿ ಸುಮಾರು 8 ಲಕ್ಷ ಜನರನ್ನು ಕೊಂದರು. ವಿಚಾರಣೆಗೆ ಟಾಂಜಾನಿಯಾದ ಅರುಷಾದಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿ ಕೂತಿತು. ತಬಾ ಅನ್ನೋ ಊರಿನ ಮೇಯರ್ ಅಕಯೇಸು ಆರೋಪಿ. ನಮ್ಮಲ್ಲಿ ಪುರಸಭೆ ಅಧ್ಯಕ್ಷ ಇರ್ತಾನಲ್ವಾ, ಆ ಮಟ್ಟದ ಮನುಷ್ಯ. ಅವನ ಮೇಲಿನ ಆರೋಪಪಟ್ಟಿಯಲ್ಲಿ ಮೊದಲು ಅತ್ಯಾಚಾರದ ಮಾತೇ ಇರಲಿಲ್ಲ. ಸಾಕ್ಷಿ ಹೇಳೋಕೆ ಬಂದ ಹೆಂಗಸೊಬ್ಬಳು, ದಾಖಲೆಯಲ್ಲಿ ಅವಳ ಹೆಸರು ಬರೀ 'ಸಾಕ್ಷಿ ಜೆ', ತನ್ನ ಆರು ವರ್ಷದ ಮಗಳ ಮೇಲೆ ಮೂವರು ಅತ್ಯಾಚಾರ ಮಾಡಿದರು ಅಂದಳು. ಪೀಠದಲ್ಲಿದ್ದ ಏಕೈಕ ಮಹಿಳಾ ನ್ಯಾಯಾಧೀಶೆ ನವಿ ಪಿಳ್ಳೈ, ದಕ್ಷಿಣ ಆಫ್ರಿಕಾದ ತಮಿಳು ಮೂಲದ ಬಸ್ ಡ್ರೈವರ್ ಒಬ್ಬರ ಮಗಳು. ಅವರು ಆ ಮಾತನ್ನು ಅಲ್ಲಿಗೇ ಬಿಡಲಿಲ್ಲ, ಸಾಕ್ಷಿಗಳನ್ನು ಮತ್ತೆ ಮತ್ತೆ ಕೇಳಿದರು. 1997ರಲ್ಲಿ ಆರೋಪಪಟ್ಟಿಯೇ ತಿದ್ದುಪಡಿ ಆಯ್ತು. 1998ರ ಸೆಪ್ಟೆಂಬರ್ 2ರ ತೀರ್ಪಿನಲ್ಲಿ ಅಕಯೇಸು ತಪ್ಪಿತಸ್ಥ ಎಂದಾಯ್ತು, ಅತ್ಯಾಚಾರವೂ ನರಮೇಧದ ಭಾಗ ಆಗಬಹುದು ಅಂತ ಜಗತ್ತಿನಲ್ಲೇ ಮೊದಲ ಸಲ ಕೋರ್ಟೊಂದು ಹೇಳಿತು. ಆ ತಾಯಿಯ ಮಾತು ಈಗ ದಾಖಲೆಯಲ್ಲಿದೆ. ಹಾಗೆ ನಡೆದೇ ಇಲ್ಲ ಅಂತ ಇನ್ನು ಯಾರೂ ಹೇಳೋಕಾಗಲ್ಲ. ನಮ್ಮ ಆಯಿಗೆ, ಬೂಬಮ್ಮನ ಮನೆಯವರಿಗೆ ಸಿಗದೇ ಹೋದದ್ದು ಇದೇ.

ಬಲಶಾಲಿಗಳನ್ನು ಹಿಡಿಯೋಕಾಗಲ್ಲ ಅನ್ನೋ ಮಾತು ಅರ್ಧ ನಿಜ. ಪುಟಿನ್ ಮೇಲೆ 2023ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ವಾರಂಟ್ ಬಂತು, ಮರುವರ್ಷ ಅವರು ಆ ಕೋರ್ಟಿನ ಸದಸ್ಯ ದೇಶವೇ ಆದ ಮಂಗೋಲಿಯಾಕ್ಕೆ ಹೋಗಿ ಆರಾಮಾಗಿ ತಿರುಗಿ ಬಂದರು. ನನಗೂ ಸಿಟ್ಟು ಬಂತು. ಆದರೆ ಫಿಲಿಪೀನ್ಸ್‌ನ ಮಾಜಿ ಅಧ್ಯಕ್ಷ ಡುಟರ್ಟೆಯನ್ನು 2025ರ ಮಾರ್ಚ್‌ನಲ್ಲಿ ಮನಿಲಾದಲ್ಲೇ ಹಿಡಿದು ಹೇಗ್‌ಗೆ ಒಯ್ದರು. ಅವರ ಕಾಲದಲ್ಲಿ ಡ್ರಗ್ಸ್ ತಡೆಯುವ ಹೆಸರಲ್ಲಿ ನಡೆದ ಕೊಲೆಗಳಲ್ಲಿ ಗಂಡನನ್ನೋ ಮಗನನ್ನೋ ಕಳಕೊಂಡ ಹೆಂಗಸರು ವರ್ಷಗಟ್ಟಲೆ ಹೇಳಿಕೆ ಕೊಡುತ್ತಲೇ ಇದ್ದರು. ಕೋರ್ಟಿಗೆ ಸ್ವಂತ ಪೊಲೀಸರಿಲ್ಲ, ನಿಜ. ಹೇಳಿಕೆಗಳು ಸಿದ್ಧವಾಗಿದ್ದರಿಂದಲೇ ರಾಜಕೀಯ ಗಾಳಿ ತಿರುಗಿದ ದಿನ ವಾರಂಟ್ ಕೈಯಲ್ಲಿತ್ತು.

ಇನ್ನು ನಮ್ಮ ದೇಶದ ವಿಷಯ. ಕುಲಭೂಷಣ್ ಜಾಧವ್‌ಗೆ ಪಾಕಿಸ್ತಾನ ಗಲ್ಲು ಶಿಕ್ಷೆ ಕೊಟ್ಟಾಗ ನಾವೇ 2017ರ ಮೇ 8ಕ್ಕೆ ದೇಶ ದೇಶಗಳ ನಡುವಿನ ವ್ಯಾಜ್ಯ ಕೇಳುವ ಅಂತರರಾಷ್ಟ್ರೀಯ ನ್ಯಾಯಾಲಯದ ಬಾಗಿಲು ತಟ್ಟಿದೆವು, ಹತ್ತೇ ದಿನದಲ್ಲಿ ತಡೆ ಸಿಕ್ಕಿತು. ಆಗ ಎಲ್ಲರೂ ಖುಷಿಪಟ್ಟೆವು, ಸರಿಯೇ. ಆದರೆ ವ್ಯಕ್ತಿಗಳನ್ನು ವಿಚಾರಿಸುವ ಇನ್ನೊಂದು ಕೋರ್ಟಿಗೆ, ಅಂದರೆ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕೆ, ನಾವು ಇವತ್ತಿಗೂ ಸದಸ್ಯರಲ್ಲ. ಚಿತ್ರಹಿಂಸೆ ವಿರುದ್ಧದ ಒಪ್ಪಂದಕ್ಕೆ 1997ರಲ್ಲಿ ಸಹಿ ಹಾಕಿದೆವು, ಅನುಮೋದನೆ ಇವತ್ತಿಗೂ ಆಗಿಲ್ಲ. ಲಾಕಪ್‌ನಲ್ಲಿ ಏಟು ತಿಂದವನು ಅಂದರೆ ಯಾರು ಅಂತ ನಮ್ಮ ಭಾಗದವರಿಗೆ ಬಿಡಿಸಿ ಹೇಳಬೇಕಿಲ್ಲ, ಬಡವ, ದಲಿತ, ತಾಂಡಾದ ಹುಡುಗ.

ನನಗೆ ಹೆಚ್ಚು ಚುಚ್ಚೋದು ನೇಪಾಳದ ಉದಾಹರಣೆ. ಸೈನ್ಯದವರು ಒಯ್ದ ಗಂಡ ಕಾಣೆಯಾದಾಗ ಅಲ್ಲಿನ ಒಬ್ಬ ಹೆಂಗಸು ಜಿನೀವಾದ ವಿಶ್ವಸಂಸ್ಥೆ ಮಾನವ ಹಕ್ಕು ಸಮಿತಿಗೆ ನೇರವಾಗಿ ದೂರು ಕೊಟ್ಟಳು. 2008ರಲ್ಲಿ ಸಮಿತಿ ನೇಪಾಳ ಸರ್ಕಾರದ್ದೇ ತಪ್ಪು ಅಂದಿತು. ಆ ಸಮಿತಿ ನೋಡಿಕೊಳ್ಳುವ ನಾಗರಿಕ, ರಾಜಕೀಯ ಹಕ್ಕುಗಳ ಒಪ್ಪಂದವನ್ನು ನಾವೂ 1979ರಲ್ಲಿ ಒಪ್ಪಿದ್ದೇವೆ, ಆದರೆ ಜನ ನೇರವಾಗಿ ದೂರು ಕೊಡುವ ಭಾಗವನ್ನು ಒಪ್ಪಿಲ್ಲ. ಕಾಠ್ಮಂಡುವಿನ ಹೆಣ್ಣುಮಗಳಿಗಿರುವ ದಾರಿ ಯಾದಗಿರಿಯ ಹೆಣ್ಣುಮಗಳಿಗೆ ಇಲ್ಲ. ಓಟು ಕೇಳೋಕೆ ಬಂದವರಿಗೆ ಈ ಪ್ರಶ್ನೆಯನ್ನೂ ಕೇಳಿ, ರಸ್ತೆ, ನೀರಿನ ಜೊತೆಗೆ.

1948ರ ವಿಷಯಕ್ಕೆ ಈಗ ಯಾವ ಕೋರ್ಟೂ ಬರೋದಿಲ್ಲ. ಆಗ ಹತ್ತು ವರ್ಷದವರಾಗಿದ್ದವರಿಗೆ ಈಗ ತೊಂಬತ್ತರ ಹತ್ತಿರ. ಅವರ ಮಾತನ್ನು, ಹಿಂದೂ ಮನೆಯದ್ದಿರಲಿ ಮುಸ್ಲಿಂ ಮನೆಯದ್ದಿರಲಿ, ಹೇಳಿದ ಹಾಗೇ ರೆಕಾರ್ಡ್ ಮಾಡಿ ಇಡುವ ಕೆಲಸವನ್ನು ನಮ್ಮ ವಿಶ್ವವಿದ್ಯಾಲಯಗಳು ಕೈಗೆತ್ತಿಕೊಳ್ಳಲಿ ಅಂತ ಕೇಳುತ್ತಿದ್ದೇನೆ. ಅಲ್ಲಿವರೆಗೆ ಕಾಯೋಕಾಗಲ್ಲ. ನಿಮ್ಮ ಮನೆಯಲ್ಲಿ ಅಂಥ ಹಿರಿಯರಿದ್ದು ಮಾತಾಡೋಕೆ ಒಪ್ಪಿದರೆ ನನಗೆ ಮೆಸೇಜ್ ಮಾಡಿ. ಆಳಂದ, ಬಸವಕಲ್ಯಾಣ, ಸುರಪುರ, ಎಲ್ಲಿಗಾದರೂ ನಾನೇ ಬರ್ತೀನಿ.