ಭರಣಿಯ ಮೇಲಿನ ಆವೋಮೀಟರ್

ರೇಡಿಯೊ ರಿಪೇರಿ ಮಾಡುತ್ತಿದ್ದ ಸೋದರಮಾವನಿಂದ ನನಗೆ ಬಂದ ಆಸ್ತಿ ಒಂದೇ: ವಿದ್ಯುತ್ತು ಅಳೆಯುವ ಆವೋಮೀಟರ್, ಮಾದರಿ 8. ಕಪ್ಪು ಡಬ್ಬಿ, ಚರ್ಮದ ಪಟ್ಟಿ, ಹೆಚ್ಚುಕಡಿಮೆ ಮೂರು ಕಿಲೊ ತೂಕ. ಶಿರಸಿಯ ನಮ್ಮ ಮನೆಯಲ್ಲಿ ಅದು ಹತ್ತು ವರ್ಷ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿಯ ಮೇಲೆ ಕುಳಿತು ಇಲಿಗಳಿಂದ ಮುಚ್ಚಳ ಕಾಯ್ದಿದೆ.

ಹೆಸರು ಕೇಳಿದವರು ನಾನು ಹಿಂದಿಯಲ್ಲಿ ಯಾರನ್ನೋ ಕರೆಯುತ್ತಿದ್ದೇನೆ ಎಂದುಕೊಳ್ಳುತ್ತಾರೆ. ಅದು ಆಂಪಿಯರ್ (ವಿದ್ಯುತ್ತಿನ ಹರಿವಿನ ಅಳತೆ), ವೋಲ್ಟ್ (ಒತ್ತಡದ್ದು), ಓಮ್ (ತಡೆಯದ್ದು) ಇವುಗಳ ಇಂಗ್ಲಿಷ್ ಮೊದಲಕ್ಷರ. ಬ್ರಿಟಿಷ್ ಅಂಚೆ ಇಲಾಖೆಯ ಎಂಜಿನಿಯರ್ ಡೊನಾಲ್ಡ್ ಮಕಾಡಿಗೆ, ಆಗ ಅಲ್ಲಿ ಟೆಲಿಫೋನೂ ಅಂಚೆಯವರದೇ, ಬೇರೆ ಬೇರೆ ಮೀಟರ್‌ಗಳನ್ನು ಹೊತ್ತು ತಿರುಗಿ ಸಾಕಾಗಿತ್ತು. ಎಲ್ಲವನ್ನೂ ಒಂದೇ ಡಬ್ಬಿಗೆ ತುಂಬಿದ. 1923ರಲ್ಲಿ ಅದು ಮಾರಾಟಕ್ಕೆ ಬಂತು. ಮಾದರಿ 8 ಹುಟ್ಟಿದ್ದು 1951ರಲ್ಲಿ, ತಯಾರಿಕೆ ನಿಂತದ್ದು 2008ರಲ್ಲಿ.

ಕಳೆದ ಆಷಾಢದ ಒಂದು ಸಂಜೆ ಮಿಕ್ಸರ್ ಮುಲುಗುಟ್ಟಿತು. ಒಳಗೆ ತಂಬುಳಿಯ ಕಾಯಿ ಅರ್ಧ ಅರೆದು ನಿಂತಿತ್ತು. "ವೋಲ್ಟೇಜ್ ಇಲ್ಲ, ಅಳೆದೇ ತೋರಿಸುತ್ತೇನೆ" ಎಂದು ಭರಣಿಯ ಮೇಲಿನಿಂದ ಮೀಟರ್ ಇಳಿಸಿದೆ.

ಅದಕ್ಕೆ ಎರಡು ತಿರುಗಣೆಗಳಿವೆ. ಮನೆಯ ವಿದ್ಯುತ್ತು ಅಳೆಯಲು ಎಡಗಡೆಯದನ್ನು ಎ.ಸಿ. (ಪರ್ಯಾಯ ವಿದ್ಯುತ್ತು) ಎಂಬಲ್ಲಿ ನಿಲ್ಲಿಸಿ, ಬಲಗಡೆಯದರಲ್ಲಿ ವೋಲ್ಟ್ ಆರಿಸಬೇಕು. ಮುಳ್ಳಿನ ಕೆಳಗೆ ಸಣ್ಣ ಕನ್ನಡಿಯ ಪಟ್ಟಿ ಇದೆ. ಮುಳ್ಳೂ ಅದರ ಬಿಂಬವೂ ಒಂದಾಗಿ ಕಂಡಾಗ ಓದಿದರೆ ಲೆಕ್ಕ ತಪ್ಪುವುದಿಲ್ಲ. ನಾನು ಆ ಕನ್ನಡಿಯಲ್ಲಿ ನನ್ನ ಕಣ್ಣನ್ನೇ ನೋಡುತ್ತಾ ಮೈಮರೆತೆ. ಬಲಗಡೆಯ ತಿರುಗಣೆ ಆಂಪಿಯರ್‌ನಲ್ಲಿದ್ದದ್ದು, ಅಲ್ಲಿದ್ದರೆ ಮೀಟರ್ ವಿದ್ಯುತ್ತನ್ನು ಹೆಚ್ಚುಕಡಿಮೆ ತಡೆಯದೆ ಬಿಡುತ್ತದೆ ಎಂಬುದು ಗಮನಕ್ಕೆ ಬರಲಿಲ್ಲ. ಕಡ್ಡಿಗಳನ್ನು ಪ್ಲಗ್ಗಿಗೆ ತೂರಿಸಿದೆ.

ಟಕ್! ಮೀಟರಿನ ನೆತ್ತಿಯ ಮೇಲಿನ ಗುಂಡಿ ಮೇಲಕ್ಕೆ ಜಿಗಿಯಿತು. ನನ್ನಂಥವರಿಗೆಂದೇ ಇಟ್ಟ ಏರ್ಪಾಡು ಅದು: ಮುಳ್ಳು ಮಿತಿ ಮೀರಿದರೆ ಸಂಪರ್ಕ ಕಡಿದುಕೊಂಡು ಮೀಟರ್ ತನ್ನ ಪ್ರಾಣ ಉಳಿಸಿಕೊಳ್ಳುತ್ತದೆ. ನಮ್ಮ ಮನೆಯ ಫ್ಯೂಸಿಗೆ ಆ ಜಾಣತನ ಇರಲಿಲ್ಲ. ಕತ್ತಲು.

ಟಾರ್ಚ್ ಬೆಳಕಿನಲ್ಲಿ ಹೆಂಡತಿ ಉಳಿದ ಕಾಯಿಯನ್ನು ಒರಳಿಗೆ ಸುರಿದಳು. "ವೋಲ್ಟೇಜ್ ಎಷ್ಟು ಬಂತು?" ಎಂದು ಕೇಳಿದಳು. ಸುಳ್ಳು ಹೇಳುವ ಅಗತ್ಯ ಬೀಳಲಿಲ್ಲ. ಆಗ ಸೊನ್ನೆಯೇ ಇತ್ತು.

ಮರುದಿನ ಗುಂಡಿ ಒತ್ತಿ, ತಿರುಗಣೆಗಳನ್ನು ಎರಡು ಸಲ ನೋಡಿಕೊಂಡು ಅಳೆದೆ. 160 ವೋಲ್ಟ್! ಮಾವನ ಮೀಟರ್ ಬದುಕಿತ್ತು. ಹೆಚ್ಚಿನ ಓಮ್ ಅಳೆಯಲು ಮಾತ್ರ ಒಳಗಿನ 15 ವೋಲ್ಟಿನ ಬ್ಯಾಟರಿ ಬೇಕು. ಪೇಟೆಯಲ್ಲಿ ಕೇಳಿದೆ. "ಒಂಬತ್ತರದ್ದು ಇದೆ, ಎರಡು ಒಯ್ಯಿರಿ, ಮೂರು ವೋಲ್ಟ್ ಲಾಭ" ಎಂದ ಅಂಗಡಿಯವನು.

ಹೆಚ್ಚಿನ ಓಮ್ ಬಿಟ್ಟುಕೊಟ್ಟೆ. ಮೀಟರ್ ಭರಣಿಯ ಮೇಲೆ ಮತ್ತೆ ಕುಳಿತಿದೆ.