ಎಂಜಲು ಕೊಟ್ಟು ಊರು ಹುಡುಕುವವರು

ಮೊನ್ನೆ ಯುಗಾದಿ ಊಟದಲ್ಲಿ ವಿಪರೀತ ಸಿಟ್ಟು ಬಂತು. ಅಲ್ಲೇ ಜಗಳ ಆಡಿದ್ದರೆ ಪಾಪ ಹೋಳಿಗೆ ಮಾಡಿದವರಿಗೆ ಬೇಜಾರಾಗುತ್ತಿತ್ತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಆಗಿದ್ದಿಷ್ಟು. ನನ್ನ ಆಫೀಸಿನ ಹಿರಿಯರೊಬ್ಬರ ಬಗ್ಗೆ ಹಿಂದೆ ಬರೆದಿದ್ದೆ, ನೆನಪಿರಬಹುದು, ಹಿಮದಲ್ಲಿ ಕಾರು ಓಡಿಸೋದು ಕಲಿಸಿಕೊಟ್ಟ ಆಫ್ರಿಕನ್ ಅಮೆರಿಕನ್ ಹೆಂಗಸು. ಅವರು ಡಿಎನ್‌ಎ ಟೆಸ್ಟ್ ಮಾಡಿಸಿ ಎರಡು ವರ್ಷದಿಂದ ತಮ್ಮ ಹಿಂದಿನವರನ್ನು ಹುಡುಕುತ್ತಿದ್ದಾರೆ ಅಂತ ಮಾತಿಗೆ ಹೇಳಿದೆ. ಎದುರಿಗೆ ಕೂತಿದ್ದ ಮಹಾಶಯರು, "ಎಂಜಲು ಡಬ್ಬಿಗೆ ತುಂಬಿ ನೂರು ಡಾಲರ್ ಕೊಟ್ರೆ ಊರು ಸಿಕ್ಬಿಡುತ್ತಾ ಮೇಡಂ? ಇನ್ನೂರು ವರ್ಷದ ಕತೆ ಕೆದಕಿ ಏನ್ ಆಗ್ಬೇಕಾಗಿದೆ ಇವ್ರಿಗೆ?" ಅಂದರು. ನಾಲ್ಕು ಜನ ನಕ್ಕರು.

ಅದಕ್ಕೆ ಹತ್ತು ನಿಮಿಷ ಮೊದಲು ಇದೇ ಮಹಾಶಯರು ಏನು ಮಾಡುತ್ತಿದ್ದರು ಗೊತ್ತಾ? ಹೊಸದಾಗಿ ಬಂದ ಹುಡುಗನೊಬ್ಬನನ್ನು ಹಿಡಿದುಕೊಂಡು ಯಾವೂರು, ಊರಲ್ಲಿ ಯಾರ ಮನೆ ಪೈಕಿ, ಗೋತ್ರ ಯಾವುದು, ಮನೆದೇವರು ಯಾರು ಅಂತ ಕೇಳಿ ಕೇಳಿ, ಕೊನೆಗೆ ಅವನ ತಾಯಿಯ ಸೋದರಮಾವ ತಮ್ಮ ಷಡ್ಡಕರಿಗೆ ಬೀಗರಾಗಬೇಕು ಅಂತ ಕಂಡುಹಿಡಿದು, ಗೆದ್ದವರ ಹಾಗೆ ಇನ್ನೊಂದು ಹೋಳಿಗೆ ಹಾಕಿಸಿಕೊಂಡರು! ನಮಗೆ ಎಂಜಲು ಬೇಕಾಗಿಲ್ಲ. ಎರಡು ಪ್ರಶ್ನೆ ಸಾಕು, ಮುತ್ತಜ್ಜನ ತನಕ ಹೋಗಿ ಬರುತ್ತೇವೆ.

ನನ್ನ ಆಫೀಸಿನ ಆ ಹಿರಿಯರಿಗೆ ಆ ದಾರಿ ಇಲ್ಲ. ಇಲ್ಲಿ ಅಮೆರಿಕದ ಜನಗಣತಿಯಲ್ಲಿ ಕಪ್ಪು ಜನರಲ್ಲಿ ಹೆಚ್ಚಿನವರ ಹೆಸರು ಮೊದಲ ಸಲ ಬರುವುದು 1870ರಲ್ಲಿ. ಗುಲಾಮಗಿರಿ ಹೋಗಿದ್ದು 1865ರಲ್ಲಿ, ಅದಾದ ಮೇಲಿನ ಮೊದಲ ಗಣತಿ ಅದು. 1850ರಲ್ಲಿ, 1860ರಲ್ಲಿ ಗುಲಾಮರಿಗೇ ಅಂತ ಬೇರೆ ಪಟ್ಟಿ ಇತ್ತು. ಯಜಮಾನನ ಹೆಸರು, ಅದರ ಕೆಳಗೆ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ. ಅಷ್ಟೇ. ಹೆಸರಿನ ಜಾಗವೇ ಇಲ್ಲ. ಹುಡುಕುವವರೆಲ್ಲ ಅಲ್ಲಿಗೆ ಬಂದು ನಿಲ್ಲುತ್ತಾರೆ, ಅದನ್ನು 1870ರ ಗೋಡೆ ಅಂತಲೇ ಕರೆಯುತ್ತಾರೆ.

ಇವರೂ ಅಲ್ಲೇ ನಿಂತಿದ್ದರು. ಸೌತ್ ಕ್ಯಾರೊಲೈನಾ, ಮುತ್ತಜ್ಜನ ಅಪ್ಪ, 22 ವರ್ಷ, ಬೇಸಾಯದ ಕೂಲಿ. ಅದರ ಹಿಂದೆ ಏನೂ ಇಲ್ಲ. ಡಿಎನ್‌ಎ ಟೆಸ್ಟಿನಲ್ಲಿ ಬಣ್ಣ ಬಣ್ಣದ ಚಕ್ರ ಒಂದು ಬರುತ್ತಲ್ಲ, ನೈಜೀರಿಯಾ ಇಷ್ಟು, ಕ್ಯಾಮರೂನ್ ಇಷ್ಟು ಅಂತ, ಎಲ್ಲರೂ ನಗಾಡುವುದು ಅದನ್ನೇ ಇಟ್ಟುಕೊಂಡು. ಅಸಲಿ ಕೆಲಸ ಅದರ ಕೆಳಗಿದೆ. ನಿಮ್ಮ ಡಿಎನ್‌ಎಯ ತುಂಡುಗಳು ಇನ್ಯಾರ ಜೊತೆ ಹೊಂದುತ್ತವೋ ಅವರ ಪಟ್ಟಿ ಬರುತ್ತದೆ. ಇವರ ಪಟ್ಟಿಯಲ್ಲಿ ಬಿಳಿಯರು ಬಂದರು, ಒಂದೇ ಮನೆತನದವರು, ಸಾಲು ಸಾಲಾಗಿ. ಯಾಕೆ ಅಂತ ಬಿಡಿಸಿ ಹೇಳಬೇಕಾ? ಆಫ್ರಿಕನ್ ಅಮೆರಿಕನ್ನರ ಡಿಎನ್‌ಎಯಲ್ಲಿ ಸರಾಸರಿ ಕಾಲು ಭಾಗದಷ್ಟು ಯುರೋಪಿನದ್ದು, ಅದರಲ್ಲೂ ಗಂಡಸರ ಕಡೆಯಿಂದ ಬಂದದ್ದೇ ಜಾಸ್ತಿ. ಅದೇನು ಮದುವೆ ಮಾಡಿಕೊಂಡು ಬಂದದ್ದಲ್ಲ.

ಹನ್ನೊಂದು ಜನಕ್ಕೆ ಮೆಸೇಜ್ ಮಾಡಿದರಂತೆ. ಇಬ್ಬರು ಉತ್ತರ ಕೊಟ್ಟರು. ಒಬ್ಬರು ಇನ್ನು ಮೆಸೇಜ್ ಮಾಡಬೇಡಿ ಅಂದರು. ಇನ್ನೊಬ್ಬಾಕೆ, ಎಂಬತ್ತು ದಾಟಿದ ಅಜ್ಜಿ, ತಮ್ಮ ಮನೆಯ ಪೆಟ್ಟಿಗೆಯಲ್ಲಿದ್ದ ಹಳೆಯ ಕಾಗದವೊಂದರ ಫೋಟೋ ಕಳಿಸಿದರು. 1851ರಲ್ಲಿ ಯಜಮಾನ ಸತ್ತಾಗ ಮಾಡಿದ ಆಸ್ತಿ ಪಟ್ಟಿ. ಹೇಸರಗತ್ತೆ, ಎಷ್ಟು ಡಾಲರ್. ತಾಮ್ರದ ಹಂಡೆ, ಎಷ್ಟು ಡಾಲರ್. ಇವೆರಡರ ನಡುವೆ ಒಬ್ಬ ಹೆಂಗಸು, ಅವಳ ಮೂರು ವರ್ಷದ ಮಗ, ಇಬ್ಬರಿಗೂ ಸೇರಿಸಿ ಒಂದು ಬೆಲೆ. ಮಗನ ಹೆಸರು ಆ ಮುತ್ತಜ್ಜನ ಅಪ್ಪನದ್ದೇ. ಫೋನ್ ನನ್ನ ಕೈಗೆ ಕೊಟ್ಟು ತೋರಿಸಿದರು. ನಾನು ಏನೂ ಹೇಳಲಿಲ್ಲ, ಹೇಳೋಕೆ ಏನಿರುತ್ತೆ. ಇದಕ್ಕೆ ನೀವು "ಏನ್ ಆಗ್ಬೇಕಾಗಿದೆ" ಅನ್ನುತ್ತೀರಿ.

ನಾನಿರುವ ಮೇರಿಲ್ಯಾಂಡಿನಲ್ಲೇ ಕಟಾಕ್ಟಿನ್ ಫರ್ನೇಸ್ ಅಂತ ಒಂದು ಜಾಗ ಇದೆ, ಹಿಂದೆ ಕಬ್ಬಿಣ ಕರಗಿಸುತ್ತಿದ್ದ ಕುಲುಮೆ. ಹೆದ್ದಾರಿ ಕೆಲಸಕ್ಕೆ ಅಗೆಯುವಾಗ ಅಲ್ಲಿ ದುಡಿದು ಸತ್ತ ಕಪ್ಪು ಜನರ ಸಮಾಧಿಗಳು ಸಿಕ್ಕವು. 27 ಜನರ ಮೂಳೆಯಿಂದ ಡಿಎನ್‌ಎ ತೆಗೆದು ಇಂಥದ್ದೇ ಎಂಜಲಿನ ಟೆಸ್ಟ್ ಮಾಡುವ 23ಆಂಡ್‌ಮೀ ಕಂಪನಿಯ ಗ್ರಾಹಕರ ಜೊತೆ ಹೋಲಿಸಿ ನೋಡಿದರೆ, 41,799 ಜನ ಸಂಬಂಧಿಕರು! 2023ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು. ಹೆಸರೇ ಇಲ್ಲದೆ ಮಣ್ಣಾದವರಿಗೆ ಅಷ್ಟು ಬಳಗ. ನಮ್ಮ ಮಹಾಶಯರ ಷಡ್ಡಕರ ಬೀಗರು ಇದರ ಮುಂದೆ ಯಾವ ಲೆಕ್ಕ ಹೇಳಿ.

ಈಗ ಕಾಮೆಂಟಿಗೆ ಬುದ್ಧಿವಂತರು ಬರುತ್ತಾರೆ, ಗೊತ್ತು. ಆ ಟೆಸ್ಟ್ ಅಷ್ಟು ನಿಖರ ಅಲ್ಲ ಅಂತ. ಹೌದು, ಅಲ್ಲ. ಒಂದು ಕಂಪನಿ ಹೇಳಿದ ಪರ್ಸೆಂಟೇಜು ಇನ್ನೊಂದು ಹೇಳಲ್ಲ. ತಾಯಿಯ ತಾಯಿಯ ತಾಯಿ ಅಂತ ಒಂದೇ ಎಳೆ ಹಿಡಿದು ಹೋಗುವ ಟೆಸ್ಟ್ ಇದೆ, ಹತ್ತು ತಲೆಮಾರು ಹಿಂದೆ ಹೋದರೆ 1024 ಜನರಲ್ಲಿ ಅದು ಹೇಳುವುದು ಒಬ್ಬಳ ವಿಷಯ. ನೈಜೀರಿಯಾ ಅನ್ನುವ ದೇಶವೇ ಆಗ ಇರಲಿಲ್ಲ. ಮೇಲಿನ ಅದೇ ಕಂಪನಿಯಿಂದ 2023ರಲ್ಲಿ 69 ಲಕ್ಷ ಜನರ ಮಾಹಿತಿ ಕಳುವಾಯ್ತು, 2025ರಲ್ಲಿ ಕಂಪನಿಯೇ ದಿವಾಳಿ ಅಂತ ಕೋರ್ಟಿಗೆ ಹೋಯ್ತು. ಎಲ್ಲ ಸರಿ. ಇದನ್ನೆಲ್ಲ ನನಗಿಂತ ಚೆನ್ನಾಗಿ ಬಲ್ಲವರು ಆ ಟೆಸ್ಟ್ ಮಾಡಿಸುವವರೇ. ಬೇರೆ ದಾರಿ ಇದ್ದಿದ್ದರೆ ಅವರ್ಯಾಕೆ ಡಬ್ಬಿಗೆ ಉಗುಳುತ್ತಿದ್ದರು? ಮತ್ತೆ ನಮ್ಮ ಗೋತ್ರ ಎಷ್ಟು ನಿಖರ ಸ್ವಾಮಿ? ಯಾವ ಲ್ಯಾಬಿನಲ್ಲಿ ನೋಡಿಸಿದ್ದೀರಿ?

ಸರಿ, ನನ್ನದೂ ಒಂದು ಹೇಳಿಬಿಡುತ್ತೇನೆ. ನಾನು ಶಿರಸಿಯವಳು, ನಿಮಗೆ ಗೊತ್ತಿದ್ದದ್ದೇ. ಆಸ್ತಿ ಪಟ್ಟಿ ನೋಡಿದ ದಿನ ಏನೋ ಒಂದು ಹೇಳಬೇಕಲ್ಲ ಅಂತ ನಮ್ಮ ಕಡೆಯ ಸಿದ್ದಿಯರ ವಿಷಯ ಹೇಳಿದೆ. ಪೋರ್ಚುಗೀಸರು ಆಫ್ರಿಕಾದಿಂದ ಗೋವಾಕ್ಕೆ ಗುಲಾಮರನ್ನು ತಂದದ್ದು, ಅವರಲ್ಲಿ ತಪ್ಪಿಸಿಕೊಂಡವರು ನಮ್ಮ ಕಾಡು ಸೇರಿದ್ದು, ಈಗ ಯಲ್ಲಾಪುರ, ಹಳಿಯಾಳ, ಮುಂಡಗೋಡು ಕಡೆ ಇರೋದು, ಹೈದರಾಬಾದಿನ ವಿಜ್ಞಾನಿಗಳು ಅವರ ಡಿಎನ್‌ಎ ನೋಡಿ 2011ರಲ್ಲಿ ಬರೆದದ್ದು. ಒಳ್ಳೆ ಕ್ಲಾಸ್ ತೆಗೆದುಕೊಂಡೆ. ಆ ಹಿರಿಯರು ಎಲ್ಲ ಕೇಳಿ, ನಿನಗೆ ಗುರುತಿನವರು ಯಾರಾದರೂ ಇದ್ದಾರಾ, ಅವರ ಮನೆಯಲ್ಲಿ ಹಿಂದಿನವರ ಬಗ್ಗೆ ಏನು ಹೇಳುತ್ತಾರೆ ಅಂದರು.

ಇದ್ದರು. ನಾನು ಶಾಲೆಗೆ ಹೋಗುವ ವಯಸ್ಸಿನಲ್ಲಿ ನಮ್ಮ ಅಡಿಕೆ ತೋಟದ ಕೊನೆಕೊಯ್ಲಿಗೆ ಪ್ರತಿ ವರ್ಷ ಒಬ್ಬರು ಬರುತ್ತಿದ್ದರು. ಊಟ ಹೊರಗೆ ಅಂಗಳದಲ್ಲಿ. ಅಣ್ಣನ ಉಪನಯನದಲ್ಲಿ ಕೇಳಿ ಕಲಿತ ಪ್ರವರ ನನಗೆ ಈಗಲೂ ತಪ್ಪಿಲ್ಲದೆ ಬರುತ್ತದೆ. ಅವರ ಅಪ್ಪನ ಹೆಸರು ಗೊತ್ತಿಲ್ಲ. ಕೇಳಿರಲಿಲ್ಲ.

ನಿನ್ನೆ ರಾತ್ರಿ ಆಯಿಗೆ ಫೋನ್ ಮಾಡಿ ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ ಆಯಿ, "ಅಂವ ಯಲ್ಲಾಪುರ ಬದಿಯವ ಅಲ್ದನೇ" ಅಂದಳು.