ಮೊದಲು ನೀರಿನ ಪರೀಕ್ಷೆ ಮಾಡಿಸಿ, ಆಮೇಲೆ ಆರ್‌ಓ

ಪ್ರತಿ ಮನೆಗೂ ಆರ್‌ಓ, ಅಂದರೆ ಮೆಂಬ್ರೇನ್ ಎಂಬ ಸೂಕ್ಷ್ಮ ಪೊರೆಯಲ್ಲಿ ನೀರು ಸೋಸುವ ಯಂತ್ರ, ಬೇಕೇ ಬೇಕು ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಫ್ಲೋರೈಡ್, ಆರ್ಸೆನಿಕ್ ಇರುವ ಕಡೆ ಆ ಮಾತು ಸರಿ. ಅವು ಕುದಿಸಿದರೂ ಹೋಗುವುದಿಲ್ಲ, ಆರ್‌ಓ ಮೆಂಬ್ರೇನ್ ಬಹುಪಾಲು ತಡೆಯುತ್ತದೆ. ಆದರೆ ಸೋಮವಾರಪೇಟೆ ಕಡೆ ನಮ್ಮ ತೆರೆದ ಬಾವಿಯ ಕಥೆಯೇ ಬೇರೆ. ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಲವಣ-ಖನಿಜಗಳ ಪ್ರಮಾಣ, ಅಳೆಸಿದರೆ ಬಂದಿದ್ದು ಲೀಟರಿಗೆ ಬರೀ 60 ಮಿಲಿಗ್ರಾಂ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರಲ್ಲಿ ಲೀಟರಿಗೆ 500 ಮಿಲಿಗ್ರಾಂವರೆಗೆ ಇರಬಹುದು ಅಂತಲೇ ಇದೆ. ಇಂಥ ನೀರಿಗೆ ಸುಮ್ನೆ ಆರ್‌ಓ ಹಾಕಿ, ಇರುವ ಚೂರು ಕ್ಯಾಲ್ಸಿಯಂ ಕಳೆದುಕೊಂಡು, ಅರ್ಧಕ್ಕಿಂತ ಜಾಸ್ತಿ ನೀರನ್ನು ಚರಂಡಿಗೆ ಬಿಡುವುದು ಯಾಕೆ?

ನಮಗೆ ಭಯ ಇರುವುದು ಜುಲೈ ಮಳೆಯದು. ತೋಟದ ಕೆಂಪು ನೀರು ಬಾವಿಗೆ ಇಳಿಯುತ್ತದೆ. ಹೋದ ವರ್ಷ ಕೊಡದ ತಳಕ್ಕೆ ಬೆರಳು ಆಡಿಸಿದರೆ ನುಣ್ಣನೆಯ ಕೆಸರು ಅಂಟುತ್ತಿತ್ತು. ಪರೀಕ್ಷೆಗೆ ಕೊಟ್ಟರೆ ಕೋಲಿಫಾರ್ಮ್ (ನೀರು ಕಲುಷಿತವಾಗಿರುವುದನ್ನು ತೋರಿಸುವ ಬ್ಯಾಕ್ಟೀರಿಯಾ) ಇದೆ ಅಂತ ಬಂತು. ಬಾವಿ ಕಟ್ಟೆ ಎತ್ತರಿಸಿದೆವು, ಬ್ಲೀಚಿಂಗ್ ಪೌಡರ್ ಹಾಕಿಸಿದೆವು. ಈಗ ಸೋಸಿ, ಕುದಿಸಿಯೇ ಕುಡಿಯುತ್ತೇವೆ.

ಬೋರ್‌ವೆಲ್ ಇರುವವರು ಒಂದು ಬಕೆಟ್ ನೀರು ರಾತ್ರಿ ಇಟ್ಟು ನೋಡಿ. ಬೆಳಗ್ಗೆ ಕಂದು ಬಣ್ಣಕ್ಕೆ ತಿರುಗಿದರೆ ಕಬ್ಬಿಣ ಇರಬಹುದು. ಅದನ್ನು ಮೊದಲೇ ತೆಗೆಯದೆ ಆರ್‌ಓಗೆ ಬಿಟ್ಟರೆ ಮೆಂಬ್ರೇನ್ ಬೇಗ ಕಟ್ಟಿಕೊಳ್ಳುತ್ತದೆ. ತೋಟಕ್ಕೆ ಗೊಬ್ಬರ ಜಾಸ್ತಿ ಹಾಕುವವರು ನೈಟ್ರೇಟ್ ಕೂಡ ನೋಡಿಸಿ. ಲೀಟರಿಗೆ 45 ಮಿಲಿಗ್ರಾಂ ದಾಟಿದ್ದರೆ ಆಗ ಖಂಡಿತ ಆರ್‌ಓ ಹಾಕಿಸಿ, ಅದರಲ್ಲೂ ಮನೆಯಲ್ಲಿ ಹಸುಗೂಸು ಇದ್ದರೆ.